ಹರಕೆ ಕಾಯುತ್ತದೆ, ಗುಳಿಗೆ ಕಾಯುವುದಿಲ್ಲ

ಜೇವರ್ಗಿ, ಅಫಜಲಪುರ, ಆಳಂದ ತಾಲ್ಲೂಕುಗಳ ಯಾವ ಊರಿನಲ್ಲಾದರೂ ಮಗುವಿಗೆ ದೊಡ್ಡ ಬ್ಯಾನಿ ಬಂತೆಂದರೆ ಮನೆಯವರು ಮೊದಲು ನೆನೆಯುವುದು ದೇವರನ್ನು. ಅಂದೋಲಾದವರಿಗೆ ಕರುಣೇಶ್ವರ ಮಠ, ಭೀಮಾ ತೀರದವರಿಗೆ ಘತ್ತರಗಿಯ ಭಾಗ್ಯವಂತಿ ಮತ್ತು ಗಾಣಗಾಪುರದ ದತ್ತ, ಆಳಂದ ಕಡೆಯವರಿಗೆ ಲಾಡ್ಲೆ ಮಶಾಕರ ದರ್ಗಾ, ಎಲ್ಲರಿಗೂ ಸೇರಿ ಕಲಬುರಗಿಯ ಶರಣಬಸವೇಶ್ವರ ಮತ್ತು ಖ್ವಾಜಾ ಬಂದೇನವಾಜ್. ಲಿಂಗವಂತರ ಮನೆಯ ತಾಯಿ ದರ್ಗಾದ ಹೊಸ್ತಿಲಲ್ಲಿ ಸೆರಗೊಡ್ಡಿ ನಿಂತರೆ ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಇಂಥ ಮನೆಯಲ್ಲಿ ಮಗುವಿನ ಮೂತ್ರಪಿಂಡ ಕೆಟ್ಟರೆ ಏನಾಗುತ್ತದೆ? ಪಟ್ಟಣದಲ್ಲಿ ಕೂತು ಬರೆಯುವವರ ಬಳಿ ಇದಕ್ಕೆ ಸಿದ್ಧ ಉತ್ತರವಿದೆ: ಮೂಢನಂಬಿಕೆಯವರು, ತಾಯತ ಕಟ್ಟಿಸಿಕೊಂಡು ಕೂಡುತ್ತಾರೆ, ಕೈಮೀರಿದ ಮೇಲೆ ದವಾಖಾನೆಗೆ ಓಡುತ್ತಾರೆ. ಈ ಉತ್ತರ ಅರ್ಧ ತಪ್ಪು, ಆ ಅರ್ಧವೇ ಮಕ್ಕಳಿಗೆ ಹೆಚ್ಚು ಹಾನಿ ಮಾಡುತ್ತಿದೆ ಎಂಬುದು ನನ್ನ ವಾದ. ದೈವಭಕ್ತ ಕುಟುಂಬಗಳು ಚಿಕಿತ್ಸೆಗೆ ಬೆನ್ನು ತಿರುಗಿಸುವುದು ಅಪರೂಪ. ಅವರು ದೇವರ ಬಳಿಗೂ ಹೋಗುತ್ತಾರೆ, ದವಾಖಾನೆಗೂ ಹೋಗುತ್ತಾರೆ. ತೊಂದರೆ ಆಗುವುದು ವರ್ಷಗಟ್ಟಲೆ ನಡೆಯಬೇಕಾದ ಔಷಧ ನಡುವೆ ನಿಂತಾಗ. ಅದು ನಿಲ್ಲದಂತೆ ನೋಡಿಕೊಳ್ಳುವ ಮಾತಿನ ಬಲ ವೈದ್ಯರಿಗಿಂತ ಹೆಚ್ಚಾಗಿ ಮಠ, ದರ್ಗಾ, ಚರ್ಚುಗಳ ಹಿರಿಯರ ಬಳಿ ಇದೆ. ಆ ಬಲವನ್ನು ಅವರು ಬಳಸಬೇಕು. ಬಳಸುವಂತೆ ಅವರನ್ನು ಕೇಳಬೇಕಾದ ಸರ್ಕಾರ ತನ್ನ ಪಾಲಿನ ಕೆಲಸವನ್ನೂ ಮಾಡಬೇಕು.

ವಾದ ಸರಿಯೋ ತಪ್ಪೋ ತಿಳಿಯಲು ಮೊದಲು ರೋಗದ ಗುಣ ಅರಿಯಬೇಕು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಮೂತ್ರಪಿಂಡದ ಕಾಯಿಲೆಗಳಲ್ಲಿ ನೆಫ್ರೋಟಿಕ್ ಸಿಂಡ್ರೋಮ್ ಒಂದು. ಮೂತ್ರಪಿಂಡದ ಜರಡಿ ಸಡಿಲಗೊಂಡು ರಕ್ತದ ಪ್ರೋಟೀನು ಮೂತ್ರದಲ್ಲಿ ಸೋರಿಹೋಗುತ್ತದೆ. ಬೆಳಿಗ್ಗೆ ಏಳುವಾಗ ಮಗುವಿನ ಕಣ್ಣ ರೆಪ್ಪೆ ಊದಿರುತ್ತವೆ, ಆಮೇಲೆ ಮಾರಿ ಬಾತುಕೊಳ್ಳುತ್ತದೆ, ಕಾಲು, ಹೊಟ್ಟೆ ಉಬ್ಬುತ್ತವೆ. ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮಕ್ಕಳಿಗೆ ಪ್ರೆಡ್ನಿಸೊಲೋನ್ ಎಂಬ ಅಗ್ಗದ ಸ್ಟಿರಾಯ್ಡ್ ಗುಳಿಗೆಯೇ ಸಾಕು. ಎರಡು ವಾರದಲ್ಲೋ ನಾಲ್ಕು ವಾರದಲ್ಲೋ ಬಾವು ಇಳಿಯುತ್ತದೆ, ಮೂತ್ರ ಶುದ್ಧವಾಗುತ್ತದೆ. ಆದರೂ ಭಾರತದ ಮಕ್ಕಳ ಮೂತ್ರಪಿಂಡ ತಜ್ಞರ ಸಂಘ ಹೇಳುವುದು ಮೊದಲ ಆರು ವಾರ ದಿನಾ, ಮುಂದಿನ ಆರು ವಾರ ದಿನ ಬಿಟ್ಟು ದಿನ, ಒಟ್ಟು ಹನ್ನೆರಡು ವಾರ ಗುಳಿಗೆ ಕೊಡಬೇಕೆಂದು. ಬಾವು ಇಳಿದ ದಿನಕ್ಕೂ ಔಷಧ ಮುಗಿಯುವ ದಿನಕ್ಕೂ ಎರಡು ತಿಂಗಳ ಅಂತರವಿದೆ. ಕುಟುಂಬ ಎಡವುವುದು ಈ ಎರಡು ತಿಂಗಳಲ್ಲಿ. ಮಗುವಿನ ಮಾರಿ ಬಾತಾಗಲೇ ಹರಕೆ ಹೊತ್ತಿರುತ್ತಾರೆ, ಅಂಗಾರ ಹಚ್ಚಿರುತ್ತಾರೆ. ಎರಡು ವಾರದಲ್ಲಿ ಮಗು ಮೊದಲಿನಂತಾದರೆ ಅದರ ಶ್ರೇಯ ಯಾರಿಗೆ? ಗುಳಿಗೆಗೂ ದೇವರಿಗೂ ಏಕಕಾಲಕ್ಕೆ ಮೊರೆಹೋದ ಮನೆಯಲ್ಲಿ ಲೆಕ್ಕ ಬಿಡಿಸುವುದು ಕಷ್ಟ. ಅತ್ತ ಗುಳಿಗೆ ಮಗುವಿನ ಕೆನ್ನೆಯನ್ನು ಉಬ್ಬಿಸುತ್ತದೆ, ಹಸಿವು ಹೆಚ್ಚಿಸುತ್ತದೆ, ಮಗು ಹಟ ಹಿಡಿಯುತ್ತದೆ. ಗುಣವಾದ ಮಗುವಿಗೆ ಯಾಕೆ ಈ ವಿಷ ಎಂದು ಅಜ್ಜಿ ಕೇಳಿದರೆ ಆ ಪ್ರಶ್ನೆ ಅಸಂಬದ್ಧವೇನಲ್ಲ. ಗುಳಿಗೆ ನಿಲ್ಲುತ್ತದೆ. ಒಂದು ನೆಗಡಿ ಬಂದ ನೆಪಕ್ಕೆ ಬಾವು ಮರಳುತ್ತದೆ. ಆಗ ಹೊರಡುವ ವಿವರಣೆ: ಹರಕೆ ತೀರಿಸಲಿಲ್ಲ.

ಕಾಯಿಲೆ ಏಳುವುದೂ ಇಳಿಯುವುದೂ ತನ್ನದೇ ತಾಳದಲ್ಲಿ. ಗುಳಿಗೆಯನ್ನು ಪೂರ್ತಿ ನುಂಗಿದ ಮಕ್ಕಳಲ್ಲೂ ಹೆಚ್ಚಿನವರಿಗೆ ಅದು ಮರುಕಳಿಸುತ್ತದೆ. ಬಹುತೇಕರಿಗೆ ಹರೆಯ ತಲುಪುವ ಹೊತ್ತಿಗೆ ಕಾಟ ತಪ್ಪುತ್ತದೆ. ಇಂಥ ರೋಗ ಎಂಥ ಬುದ್ಧಿವಂತನನ್ನಾದರೂ ದಾರಿ ತಪ್ಪಿಸಬಲ್ಲದು, ಅದಕ್ಕೆ ಓದಿಲ್ಲದವರೇ ಆಗಬೇಕೆಂದಿಲ್ಲ. ಸ್ಟಿರಾಯ್ಡ್ ಅನ್ನು ತಟ್ಟನೆ ನಿಲ್ಲಿಸಿದರೆ ಇನ್ನೊಂದು ಅಪಾಯ ಕಾದಿರುತ್ತದೆ. ದೇಹ ತಾನೇ ತಯಾರಿಸಬೇಕಾದ ಹಾರ್ಮೋನು ಆ ಹೊತ್ತಿಗೆ ಮಲಗಿರುತ್ತದೆ. ಸಣ್ಣ ಜ್ವರವೂ ಮಗುವನ್ನು ಕುಸಿಯುವಂತೆ ಮಾಡಬಹುದು.

ಎರಡನೆಯ ಬಗೆಯ ಕಾಯಿಲೆ ಬಾವಿನ ಸೂಚನೆಯನ್ನೂ ಕೊಡುವುದಿಲ್ಲ. ಹುಟ್ಟುವಾಗಲೇ ಮೂತ್ರಪಿಂಡ ಚಿಕ್ಕದಾಗಿರುವುದು, ಮೂತ್ರನಾಳ ತಡೆದಿರುವುದು, ಗಂಡುಮಕ್ಕಳಲ್ಲಿ ಮೂತ್ರದ ಹಾದಿಗೆ ಅಡ್ಡಲಾಗಿ ಪೊರೆ ಬೆಳೆದಿರುವುದು, ಇವು ಮಕ್ಕಳ ದೀರ್ಘಕಾಲದ ಮೂತ್ರಪಿಂಡ ವೈಫಲ್ಯದ ಮುಖ್ಯ ಕಾರಣಗಳು. ಗಂಡುಮಗುವಿನ ಮೂತ್ರದ ಧಾರೆ ಗಟ್ಟಿಯಾಗಿ ಬೀಳದೆ ತೊಟ್ಟಿಕ್ಕುತ್ತಿದ್ದರೆ ಅದೊಂದೇ ಸುಳಿವು. ಉಳಿದಂತೆ ಮಗು ಬಿಳಚಿಕೊಳ್ಳುತ್ತದೆ, ಎತ್ತರ ಬೆಳೆಯುವುದಿಲ್ಲ, ಪದೇಪದೇ ಜ್ವರ ಬರುತ್ತದೆ, ಕಾಲಿನ ಎಲುಬು ಬಾಗುತ್ತವೆ. ಊರಿನವರ ಕಣ್ಣಿಗೆ ಅದು ದೃಷ್ಟಿಯಾದ ಮಗು, ಇಲ್ಲವೇ ಅಪ್ಪನಂತೆಯೇ ಗಿಡ್ಡ. ವೈದ್ಯರ ಕೈಗೆ ಸಿಗುವ ಹೊತ್ತಿಗೆ ಮೂತ್ರಪಿಂಡದ ಬಹುಪಾಲು ಕೆಲಸ ನಿಂತಿರುತ್ತದೆ. ಇಲ್ಲಿ ತಡ ಮಾಡಿದ್ದು ನಂಬಿಕೆ ಎನ್ನುವುದು ಅನ್ಯಾಯ. ಪಟ್ಟಣದ ಓದಿದ ಮನೆಯಲ್ಲೂ, ಗರ್ಭದಲ್ಲಿದ್ದಾಗಿನ ಸ್ಕ್ಯಾನಿಂಗಿನಲ್ಲಿ ಕಾಣದಿದ್ದರೆ, ಇದು ಹೀಗೆಯೇ ತಪ್ಪಿಸಿಕೊಳ್ಳುತ್ತದೆ.

ನಂಬಿಕೆಯೇ ಅಡ್ಡಿ ಎನ್ನುವವರು ನೋಡಬೇಕಾದ ಪುರಾವೆಯೊಂದು ನಮ್ಮ ರಾಜ್ಯದಲ್ಲೇ ಇದೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಆರಂಭವಾದದ್ದು ಗುಲಬರ್ಗಾ ವಿಭಾಗದಲ್ಲಿ. ಹೃದಯ, ಕ್ಯಾನ್ಸರ್, ಮೂತ್ರಪಿಂಡ ಮುಂತಾದ ದುಬಾರಿ ಚಿಕಿತ್ಸೆಗಳನ್ನು ಬಿಪಿಎಲ್ ಕಾರ್ಡಿನವರಿಗೆ ಉಚಿತವಾಗಿ ಕೊಡಿಸಿದ ಯೋಜನೆ ಅದು. ಅದು ಮೊದಲು ತಲುಪಿದ ಉತ್ತರ ಕರ್ನಾಟಕದ 300 ಹಳ್ಳಿಗಳನ್ನು, ಇನ್ನೂ ತಲುಪಿರದ ದಕ್ಷಿಣದ ಗಡಿಯ 272 ಹಳ್ಳಿಗಳ ಜೊತೆ ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯ ವ್ಯಾಪ್ತಿಗೆ ಬಂದ ರೋಗಗಳಿಂದ ಬಡ ಕುಟುಂಬಗಳಲ್ಲಿ ಆಗುತ್ತಿದ್ದ ಸಾವು ಶೇ 64ರಷ್ಟು ಕಡಿಮೆ ಇತ್ತು. ಸಂಖ್ಯೆ ತೀರ ದೊಡ್ಡದೆನಿಸಿದರೆ ಅರ್ಧಕ್ಕೆ ಇಳಿಸಿಕೊಳ್ಳಿ, ಆಗಲೂ ಮಾತು ಉಳಿಯುತ್ತದೆ. ಆ ಹಳ್ಳಿಗಳ ಜನ ನಡುವೆ ದೇವರನ್ನು ಬಿಟ್ಟಿರಲಿಲ್ಲ. ಜಾತ್ರೆ, ಉರುಸು, ದೀಡ ನಮಸ್ಕಾರ ಎಲ್ಲವೂ ಹಾಗೆಯೇ ಇದ್ದವು. ಬದಲಾದದ್ದು ಆಸ್ಪತ್ರೆಯ ಖರ್ಚು, ಮತ್ತು ಊರ ಹತ್ತಿರವೇ ನಡೆದ ಶಿಬಿರಗಳಿಂದ ಅಲ್ಲಿಗೆ ಹೋಗುವ ದಾರಿ. ಬಾಗಿಲು ತೆರೆದರೆ ಭಕ್ತರೂ ಒಳಗೆ ಬರುತ್ತಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಮಕ್ಕಳ ಮೂತ್ರಪಿಂಡದ ಮಟ್ಟಿಗೆ ಆ ಬಾಗಿಲು ಈಗಲೂ ಅರ್ಧವೇ ತೆರೆದಿದೆ. ಕಲಬುರಗಿಯಲ್ಲಿ ವೈದ್ಯಕೀಯ ಕಾಲೇಜುಗಳಿಗೆ ಕೊರತೆಯಿಲ್ಲ: ಸರ್ಕಾರಿ ಜಿಮ್ಸ್, ಇಎಸ್ಐಸಿ, ಮಹಾದೇವಪ್ಪ ರಾಂಪುರೆ, ಖಾಜಾ ಬಂದಾನವಾಜ್. ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಬಂದಿದೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ನೆರವಿದೆ. ಆದರೆ ತಾಲ್ಲೂಕಿನ ಡಯಾಲಿಸಿಸ್ ಯಂತ್ರದ ಮುಂದಿರುವ ಮಂಚ ದೊಡ್ಡವರದು. ಹತ್ತು ಕಿಲೋ ತೂಗುವ ಮಗುವಿಗೆ ಬೇರೆ ಅಳತೆಯ ನಳಿಗೆ, ಬೇರೆ ಅಳತೆಯ ಫಿಲ್ಟರ್, ಅದನ್ನು ನಡೆಸಲು ಕಲಿತ ನರ್ಸು ಬೇಕು. ಮಕ್ಕಳ ಮೂತ್ರಪಿಂಡಕ್ಕೇ ಮೀಸಲಾದ ತಜ್ಞರು ಹೆಚ್ಚಾಗಿ ಬೆಂಗಳೂರಿನಂಥ ಮಹಾನಗರಗಳಲ್ಲಿದ್ದಾರೆ. ಆಳಂದ, ಅಫಜಲಪುರದವರು ಸೊಲ್ಲಾಪುರಕ್ಕೆ ಹೋಗುತ್ತಾರೆ, ಉಳಿದವರು ಹೈದರಾಬಾದಿಗೆ, ಇಲ್ಲವೇ ಐನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಬೆಂಗಳೂರಿಗೆ. ರಾಜ್ಯದ ಗಡಿ ದಾಟಿದರೆ ಕಾರ್ಡಿನ ತಕರಾರು. ತೊಗರಿ ರಾಶಿಯ ಹೊತ್ತಿಗೆ ಆಸ್ಪತ್ರೆಯ ತಾರೀಖು ಬಂದರೆ ಕೂಲಿ ಹೋಗುತ್ತದೆ. ಗುಳೆ ಹೋದ ಕುಟುಂಬದ ಮಗುವಿನ ಫೈಲು ಮುಂಬೈಯಲ್ಲೊಂದು ಹಾಳೆ, ಪುಣೆಯಲ್ಲೊಂದು ಹಾಳೆ ಎಂದು ಹರಿದು ಹಂಚಿಹೋಗುತ್ತದೆ. ಒಂದು ಚೆಕಪ್ಪಿಗೆ ಎರಡು ಮೂರು ದಿನದ ದುಡಿಮೆ, ಇಬ್ಬರ ಟಿಕೆಟ್, ಮನೆಯಲ್ಲಿ ಉಳಿದ ಮಕ್ಕಳನ್ನು ನೋಡಿಕೊಳ್ಳಲು ಇನ್ನೊಬ್ಬರು ಬೇಕೆಂದಾದರೆ, ಎಷ್ಟು ಚೆಕಪ್ ತಪ್ಪುತ್ತವೆ ಎಂಬುದನ್ನು ಭಕ್ತಿಯ ತಲೆಗೆ ಕಟ್ಟಲಾಗದು.

ಹಾಗೆಂದು ನಂಬಿಕೆಯಿಂದ ಹಾನಿಯೇ ಇಲ್ಲ ಎನ್ನುವುದೂ ಸುಳ್ಳಾಗುತ್ತದೆ. ಹಾನಿ ಇದೆ, ಅದು ನಿರ್ದಿಷ್ಟ ಜಾಗಗಳಲ್ಲಿದೆ, ಆ ಜಾಗಗಳನ್ನು ಹೆಸರಿಸಿ ಹೇಳಬೇಕು. ಮೊದಲನೆಯದು ಉಪವಾಸ. ಸ್ಟಿರಾಯ್ಡ್ ನುಂಗುವ ಮಗು ತಿನ್ನದೆ ಇರಬಾರದು. ಮೂತ್ರಪಿಂಡ ಹುಟ್ಟಿನಿಂದಲೇ ಕುಗ್ಗಿದ ಕೆಲವು ಮಕ್ಕಳಿಗೆ ನೀರು ಸಾಮಾನ್ಯರಿಗಿಂತ ಹೆಚ್ಚು ಬೇಕು, ನಲವತ್ತು ಡಿಗ್ರಿ ದಾಟುವ ಕಲಬುರಗಿಯ ಬೇಸಿಗೆಯಲ್ಲಿ ಒಂದು ದಿನದ ನೀರಿಲ್ಲದ ಉಪವಾಸವೂ ಅವರನ್ನು ಆಸ್ಪತ್ರೆಗೆ ಸೇರಿಸಬಹುದು. ಎರಡನೆಯದು ಪ್ರಸಾದ. ಕೇಳಲು ಕಠಿಣವೆನಿಸಿದರೂ ಹೇಳಲೇಬೇಕು: ಮೂತ್ರಪಿಂಡ ವೈಫಲ್ಯ ಮುಂದುವರಿದ ಮಗುವಿಗೆ ಬಾಳೆಹಣ್ಣು, ಎಳನೀರು, ಖರ್ಜೂರದಲ್ಲಿರುವ ಪೊಟ್ಯಾಷಿಯಂ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ದಿನದ ಊಟದ ತೊಗರಿ ಬೇಳೆ, ಶೇಂಗಾ ಹಿಂಡಿ, ಉಪ್ಪಿನಕಾಯಿಗೂ ಅಳತೆ ಬೇಕಾಗುತ್ತದೆ. ಡಯಾಲಿಸಿಸ್‌ನಲ್ಲಿರುವ ಮಗುವಿಗೆ ತೀರ್ಥದ ಒಂದು ಬಟ್ಟಲೂ ಆ ದಿನದ ನೀರಿನ ಲೆಕ್ಕಕ್ಕೆ ಸೇರುತ್ತದೆ. ಮೂರನೆಯದು ನಾಟಿ ಔಷಧ. ಏನು ಬೆರೆಸಿದ್ದಾರೆಂದು ತಿಳಿಯದ ಭಸ್ಮ, ಬೇರು, ಪುಡಿಗಳಲ್ಲಿ ಪಾದರಸ, ಸೀಸ ಇದ್ದರೆ ಅವು ನೇರ ಮೂತ್ರಪಿಂಡಕ್ಕೇ ಪೆಟ್ಟು ಕೊಡುತ್ತವೆ. ಹಾಗೆ ನೋಡಿದರೆ ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ನೋವಿನ ಗುಳಿಗೆಗಳೂ ಅಷ್ಟೇ ಕೆಟ್ಟವು, ಅವುಗಳನ್ನು ಯಾರೂ ಮೂಢನಂಬಿಕೆ ಎನ್ನುವುದಿಲ್ಲ.

ಇವೆಲ್ಲಕ್ಕಿಂತ ಅಪಾಯಕಾರಿಯಾದುದು ಅಮ್ಮ ಬಂದಾಗಿನ ಪದ್ಧತಿ. ಮೈಮೇಲೆ ಗುಳ್ಳೆ ಎದ್ದರೆ ಮನೆಯಲ್ಲಿ ಔಷಧ ನಿಲ್ಲಿಸುತ್ತಾರೆ, ಬೇವಿನ ತಪ್ಪಲು ಹಾಸುತ್ತಾರೆ, ದೇವಿ ತಾನಾಗಿ ಇಳಿಯಲಿ ಎಂದು ಕಾಯುತ್ತಾರೆ. ಆರೋಗ್ಯವಂತ ಮಗುವಿನಲ್ಲಿ ಅದರಿಂದ ದೊಡ್ಡ ಕೇಡೇನೂ ಆಗುವುದಿಲ್ಲ. ಸ್ಟಿರಾಯ್ಡ್ ಅಥವಾ ಟ್ಯಾಕ್ರೋಲಿಮಸ್‌ನಂಥ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ತೆಗೆದುಕೊಳ್ಳುವ ಮಗುವಿಗೆ ಅದೇ ಸೀತಾಳೆ ಸಿಡುಬು ಜೀವಕ್ಕೆ ಮುಳುವಾಗಬಹುದು. ಅದೇ ದಿನ ಆಸ್ಪತ್ರೆಗೆ ಒಯ್ದು ವೈರಸ್ ವಿರುದ್ಧದ ಔಷಧ ಶುರುಮಾಡಬೇಕು. ಇದನ್ನು ಬಿಳಿ ಕೋಟಿನವರು ಹೇಳಿದರೆ ಅಜ್ಜಿ ಕೇಳುವುದು ಅನುಮಾನ. ದೇವಿಯ ಪೂಜಾರಿ ಹೇಳಿದರೆ ಕೇಳುತ್ತಾಳೆ.

ಕೇಳುತ್ತಾಳೆ ಎಂಬುದಕ್ಕೆ ಆಧಾರವಿದೆ. ಪೋಲಿಯೋ ಹನಿಯನ್ನು ಅನುಮಾನಿಸಿ ಬಾಗಿಲು ಮುಚ್ಚಿದ ಉತ್ತರ ಪ್ರದೇಶದ ಮೊಹಲ್ಲಾಗಳಲ್ಲಿ 2000ದ ದಶಕದಲ್ಲಿ ಲಸಿಕೆಯವರು ಕೊನೆಗೆ ಮೊರೆಹೋದದ್ದು ಇಮಾಮರನ್ನು. ಮಸೀದಿಯ ಮೈಕಿನಿಂದ ಕರೆ ಬಂದ ಮೇಲೆ ಬಾಗಿಲುಗಳು ತೆರೆದವು. ದೇಶದ ಕೊನೆಯ ಪೋಲಿಯೋ ಪ್ರಕರಣ ಹೌರಾದಲ್ಲಿ 2011ರ ಜನವರಿಯಲ್ಲಿ ವರದಿಯಾಯಿತು, 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೋ ಮುಕ್ತ ಎಂದು ಘೋಷಣೆಯಾಯಿತು. ನಮ್ಮಲ್ಲೇ ನೋಡಿ: ನಡೆದಾಡುವ ದೇವರೆಂದು ನಾಡು ಕರೆದ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ತಮ್ಮ ಕೊನೆಯ ದಿನಗಳಲ್ಲಿ ಬೆಂಗಳೂರಿನ, ಚೆನ್ನೈನ ಆಸ್ಪತ್ರೆಗಳಲ್ಲಿ ಸ್ಟೆಂಟ್, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಅವರ ಭಕ್ತರಾರೂ ಅದನ್ನು ನಂಬಿಕೆಯ ಕೊರತೆ ಎನ್ನಲಿಲ್ಲ. ಸುತ್ತೂರು ಮಠ, ಆದಿಚುಂಚನಗಿರಿ, ಧರ್ಮಸ್ಥಳ ವೈದ್ಯಕೀಯ ಕಾಲೇಜು ಕಟ್ಟಿವೆ. ಬಂದೇನವಾಜರ ಪರಂಪರೆಯವರೇ ಕಲಬುರಗಿಯಲ್ಲಿ ಒಂದನ್ನು ನಡೆಸುತ್ತಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ಕ್ಯಾಥೊಲಿಕ್ ಧರ್ಮಾಧ್ಯಕ್ಷರದು. ನಂಬಿಕೆಯೋ ಚಿಕಿತ್ಸೆಯೋ ಎಂಬ ಪ್ರಶ್ನೆಗೆ ಧರ್ಮಸಂಸ್ಥೆಗಳು ತಮ್ಮ ಉತ್ತರವನ್ನು ಕಲ್ಲು ಇಟ್ಟಿಗೆಯಲ್ಲಿ ಎಂದೋ ಕೊಟ್ಟಾಗಿದೆ. ಆ ಉತ್ತರ ಊರಿನ ಗುಡಿಯ ಕಟ್ಟೆಯವರೆಗೆ ಇಳಿದು ಬಂದಿಲ್ಲ, ಅಷ್ಟೇ. ಇಳಿಸಲು ಶಾಸ್ತ್ರ ಅಡ್ಡಿಯೂ ಅಲ್ಲ. ಇಸ್ಲಾಂನಲ್ಲಿ ರೋಗಿಗಳಿಗೂ ಪ್ರಾಯಕ್ಕೆ ಬಾರದ ಮಕ್ಕಳಿಗೂ ರೋಜಾದ ಕಡ್ಡಾಯವಿಲ್ಲ. ಏಕಾದಶಿಯ ಉಪವಾಸದಲ್ಲೂ ಚಿಕ್ಕ ಮಕ್ಕಳಿಗೆ, ಅಶಕ್ತರಿಗೆ ವಿನಾಯಿತಿ ಉಂಟು. ಹರಕೆಯನ್ನು ಮುಂದೂಡಲು, ಮಗುವಿನ ಬದಲು ತಂದೆ ತೀರಿಸಲು ಅನುಮತಿ ಕೊಡದ ಗುಡಿ ಈ ಸೀಮೆಯಲ್ಲಿಲ್ಲ.

ವಿಚಾರವಾದಿಗಳ ಆಕ್ಷೇಪ ನನಗೆ ಗೊತ್ತು. ಪೂಜಾರಿಗೂ ಸ್ವಾಮಿಗೂ ಚಿಕಿತ್ಸೆಯಲ್ಲಿ ಸ್ಥಾನ ಕೊಟ್ಟರೆ ನಾಳೆ ಅವರೇ ಚಿಕಿತ್ಸೆ ಕೊಡಲು ಕೂರುತ್ತಾರೆ. ಒಂದು ಒಳ್ಳೆಯ ಮಾತಿಗಾಗಿ ನೂರು ಕೆಟ್ಟ ಮಾತುಗಳಿಗೆ ಅಧಿಕಾರ ಕೊಟ್ಟಂತಾಗುತ್ತದೆ. ಇದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. ಗುಣಪಡಿಸುತ್ತೇನೆಂದು ಹಣ ಕೀಳುವವರು ಎಲ್ಲ ಧರ್ಮಗಳಲ್ಲೂ ಇದ್ದಾರೆ. ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ನಿಷೇಧ ಕಾಯ್ದೆ ನಾಯಿ, ಹಾವು, ಚೇಳು ಕಚ್ಚಿದವರನ್ನು ಚಿಕಿತ್ಸೆಯಿಂದ ತಡೆದು ಮಂತ್ರ ಹಾಕುವುದನ್ನು ಅಪರಾಧವೆನ್ನುತ್ತದೆ. ವರ್ಷಗಟ್ಟಲೆ ಔಷಧ ಬೇಕಾದ ಮಗುವಿನ ಗುಳಿಗೆ ನಿಲ್ಲಿಸಿದವರನ್ನೂ ಅದೇ ಸಾಲಿಗೆ ಸೇರಿಸಬೇಕೆಂದು ನಾನೂ ಒತ್ತಾಯಿಸುತ್ತೇನೆ. ಆದರೆ ನಾನು ಧರ್ಮಗುರುಗಳಿಂದ ಕೇಳುತ್ತಿರುವುದು ಚಿಕಿತ್ಸೆಯನ್ನಲ್ಲ, ಒಂದು ಅಪ್ಪಣೆಯನ್ನು: ಗುಳಿಗೆ ನಿಲ್ಲಿಸಬೇಡಿ, ಹರಕೆ ನಾನು ನೋಡಿಕೊಳ್ಳುತ್ತೇನೆ. ಈ ಅಪ್ಪಣೆಗೆ ವೈದ್ಯಜ್ಞಾನ ಬೇಕಿಲ್ಲ, ಪವಾಡದ ಭರವಸೆ ಬೇಕಿಲ್ಲ. ಅವರ ಅಧಿಕಾರ ಈಗಲೂ ಇದೆ, ನಾವು ಕೊಟ್ಟರೂ ಬಿಟ್ಟರೂ ಇರುತ್ತದೆ. ಅದನ್ನು ಮಗುವಿನ ಪರವಾಗಿ ಬಳಸಿ ಎಂದು ಕೇಳದೆ ದೂರ ನಿಂತರೆ ನಮ್ಮ ಶುದ್ಧಿ ಉಳಿಯಬಹುದು, ಮಗುವಿನ ಮೂತ್ರಪಿಂಡ ಉಳಿಯುವುದಿಲ್ಲ.

ಭಕ್ತರ ಕಡೆಯಿಂದ ಬರುವ ಆಕ್ಷೇಪ ಬೇರೆ: ಇದು ಕರ್ಮದ ಫಲ, ಹಣೆಬರಹ, ನಾವು ಮಾಡುವುದೇನಿದೆ? ಕೇಳಲು ಶರಣಾಗತಿಯಂತಿರುವ ಈ ಮಾತು ಮನೆಯೊಳಗೆ ಬೇರೆಯೇ ಕೆಲಸ ಮಾಡುತ್ತದೆ. ಕರ್ಮ ಯಾರದೆಂದು ಹುಡುಕುವಾಗ ಬೆರಳು ತಾಯಿಯ ಕಡೆಗೇ ತಿರುಗುತ್ತದೆ: ಬಸುರಿಯಾಗಿದ್ದಾಗ ಗ್ರಹಣದಲ್ಲಿ ಹೊರಗೆ ಬಂದಳು, ತವರಿನ ದೇವರಿಗೆ ನಡೆದುಕೊಳ್ಳಲಿಲ್ಲ. ಇಲ್ಲಿ ತಿಳಿದಿರಬೇಕಾದ ಒಂದು ಸಂಗತಿಯಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮದುವೆಗಳಲ್ಲಿ ಸುಮಾರು ನಾಲ್ಕರಲ್ಲೊಂದು ರಕ್ತಸಂಬಂಧದೊಳಗಿನದು. ಮಕ್ಕಳ ಕೆಲವು ಮೂತ್ರಪಿಂಡದ ಕಾಯಿಲೆಗಳು, ಅದರಲ್ಲೂ ಸ್ಟಿರಾಯ್ಡಿಗೆ ಬಗ್ಗದ ಕೆಲವು ಬಗೆಗಳು, ತಂದೆ ತಾಯಿ ಇಬ್ಬರಿಂದಲೂ ಒಂದೊಂದು ದೋಷಪೂರಿತ ಜೀನ್ ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತವೆ. ಮಾವನ ಮಗಳನ್ನೋ ಅಕ್ಕನ ಮಗಳನ್ನೋ ತಂದುಕೊಂಡ ಮನೆಗಳಲ್ಲಿ ಆ ಸಂಭವ ಹೆಚ್ಚು. ಪಾಲು ಇಬ್ಬರದೂ ಸಮ, ತಪ್ಪು ಯಾರದೂ ಅಲ್ಲ. ಸ್ವಾಮಿಗಳು ಪ್ರವಚನದಲ್ಲಿ ಇದೊಂದನ್ನು ಬಿಡಿಸಿ ಹೇಳಿದರೂ ಎಷ್ಟೋ ತಾಯಂದಿರ ತಲೆ ಮೇಲಿನ ಭಾರ ಇಳಿದೀತು. ಹಣೆಬರಹದ ಮಾತಿಗೆ ನನ್ನ ಉತ್ತರ ಸರಳ: ಬೆಳೆ ಒಣಗಿದಾಗ ಬೋರ್ ಕೊರೆಸುವ ರೈತ ಹಣೆಬರಹವನ್ನು ನಂಬದವನೇನಲ್ಲ.

ಕಸಿಯ ಪ್ರಶ್ನೆ ಬಂದಾಗ ನಂಬಿಕೆಯ ಪರೀಕ್ಷೆ ಇನ್ನೂ ಗಟ್ಟಿಯಾಗುತ್ತದೆ. ಡಯಾಲಿಸಿಸ್‌ನಲ್ಲಿ ಮಗು ಬದುಕುತ್ತದೆ, ಸರಿಯಾಗಿ ಬೆಳೆಯುವುದಿಲ್ಲ; ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ತಾಸು ಯಂತ್ರದ ಪಕ್ಕದಲ್ಲಿ ಕಳೆಯುವ ಮಗುವಿಗೆ ಶಾಲೆಯೂ ದಕ್ಕುವುದಿಲ್ಲ. ಕಸಿಯೇ ಅದಕ್ಕೆ ಒಳ್ಳೆಯ ದಾರಿ. 1994ರ ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ಆದ ತಿದ್ದುಪಡಿಯಿಂದ ಅಜ್ಜ, ಅಜ್ಜಿಯರೂ ಹತ್ತಿರದ ಸಂಬಂಧಿಗಳ ಸಾಲಿಗೆ ಸೇರಿದ್ದಾರೆ. ದೇಹವನ್ನು ಅಖಂಡವಾಗಿ ಮಣ್ಣಿಗೊಪ್ಪಿಸಬೇಕೆಂಬ ಅಳುಕು ಲಿಂಗಾಯತರಲ್ಲೂ ಮುಸ್ಲಿಮರಲ್ಲೂ ಇದೆ. ಆದರೆ ಜೀವ ಉಳಿಸುವ ಕಸಿಗೆ 1988ರಲ್ಲೇ ಜೆದ್ದಾದ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಖ್ ಅಕಾಡೆಮಿ ಷರತ್ತುಬದ್ಧ ಒಪ್ಪಿಗೆ ಕೊಟ್ಟಿದೆ, ನಮ್ಮ ಹಲವು ಮಠಾಧೀಶರು ನೇತ್ರದಾನಕ್ಕೆ ಕರೆ ಕೊಟ್ಟವರು. 2021ರಲ್ಲಿ ನಟ ಸಂಚಾರಿ ವಿಜಯ್ ಅಪಘಾತದಲ್ಲಿ ಮಿದುಳು ನಿಷ್ಕ್ರಿಯರಾದಾಗ ಮನೆಯವರು ಅಂಗಾಂಗ ದಾನಕ್ಕೆ ಒಪ್ಪಿದರು. ಅಂಥ ಒಪ್ಪಿಗೆ ಹೆಚ್ಚಿದಷ್ಟೂ ಮಕ್ಕಳ ಸರದಿ ಬೇಗ ಬರುತ್ತದೆ. ಈ ವಿಷಯದಲ್ಲಿ ಧರ್ಮದ ಒಂದು ಮಾತು ನನಗೆ ಇರಿಸುಮುರಿಸು ತರುತ್ತದೆ. ತಾಯಿಯೇ ದೇವರು, ತಾಯಿ ಕೊಟ್ಟೇ ಕೊಡುತ್ತಾಳೆ ಎಂದು ಹೊಗಳುತ್ತ ಕಿಡ್ನಿ ಕೊಡುವ ಹೊಣೆಯನ್ನು ಅವಳೊಬ್ಬಳ ಮೇಲೆ ಹಾಕುತ್ತೇವೆ. 2019ರಿಂದ 2023ರವರೆಗಿನ ರಾಷ್ಟ್ರೀಯ ಅಂಕಿಗಳಲ್ಲಿ ಬದುಕಿರುವಾಗಲೇ ಅಂಗ ಕೊಟ್ಟವರಲ್ಲಿ ಮೂರನೇ ಎರಡು ಪಾಲಿನ ಸಮೀಪ ಹೆಂಗಸರು, ಪಡೆದವರಲ್ಲಿ ಹೆಚ್ಚಿನವರು ಗಂಡಸರು. ಕಾಯಿಲೆ ಬಿದ್ದದ್ದು ಹೆಣ್ಣುಮಗುವಾದರೆ ಕಸಿಯ ಮಾತೇ ಎಷ್ಟು ಮನೆಗಳಲ್ಲಿ ಏಳುವುದಿಲ್ಲವೋ. ಅಪ್ಪಣೆ ಕೊಡುವ ಹಿರಿಯರು ಅಪ್ಪನಿಗೂ ಒಂದು ಮಾತು ಹೇಳಲಿ.

ಮಾತಿನ ಜೊತೆ ಕೈಯೂ ಬೇಕು. ಹಳೆಯ ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು ಈ ನಾಡಿನ ನೆನಪಿನಲ್ಲಿ ಉಳಿದಿರುವುದು ದಾಸೋಹದಿಂದ. ಗಾಣಗಾಪುರದಲ್ಲಿ ಇಂದಿಗೂ ಭಕ್ತರು ಮಧುಕರಿ ಬೇಡುತ್ತಾರೆ, ಊರು ನೀಡುತ್ತದೆ. ದರ್ಗಾಗಳಲ್ಲಿ ಲಂಗರ್ ಇದೆ. ಉಣಬಡಿಸುವುದನ್ನು ಇಷ್ಟು ಚೆನ್ನಾಗಿ ಬಲ್ಲ ಸೀಮೆಗೆ ಮೂತ್ರಪಿಂಡದ ರೋಗವಿರುವ ಮಗುವಿನ ಕುಟುಂಬವನ್ನು ಹೊರುವುದು ಹೊಸ ವಿದ್ಯೆಯಲ್ಲ. ಬೆಂಗಳೂರಿನಲ್ಲಿ ಶಾಖೆ, ವಿದ್ಯಾರ್ಥಿ ನಿಲಯ ಇಟ್ಟುಕೊಂಡ ಮಠಗಳು ಎರಡು ಕೋಣೆಗಳನ್ನು ಕಲಬುರಗಿ ಕಡೆಯ ಇಂಥ ಕುಟುಂಬಗಳಿಗೆ ಮೀಸಲಿಡಬಹುದು. ಆಸ್ಪತ್ರೆಯ ಕಾಂಪೌಂಡಿನ ಹೊರಗೆ ಪ್ಲಾಸ್ಟಿಕ್ ಹಾಸಿ ಮಲಗುವವರಿಗೆ ಅದು ಸಣ್ಣ ಸಂಗತಿಯಲ್ಲ. ಪೆರಿಟೋನಿಯಲ್ ಡಯಾಲಿಸಿಸ್ ಎಂಬ ವಿಧಾನದಲ್ಲಿ ಹೊಟ್ಟೆಯೊಳಗೇ ದ್ರವ ತುಂಬಿ ತೆಗೆದು ರಕ್ತ ಶುದ್ಧಿ ಮಾಡಬಹುದು. ಚಿಕ್ಕ ಮಕ್ಕಳಿಗೆ ಅದೇ ಹೆಚ್ಚು ಒಗ್ಗುತ್ತದೆ, ತರಬೇತಿ ಪಡೆದ ತಾಯಿಯೋ ತಂದೆಯೋ ಮನೆಯಲ್ಲೇ ಮಾಡಬಲ್ಲರು. ಬೇಕಾಗಿರುವುದು ಒಂದು ಸ್ವಚ್ಛ ಕೋಣೆ, ಶುದ್ಧ ನೀರು, ಸೋಪು, ದ್ರವದ ಚೀಲಗಳನ್ನಿಡಲು ಜಾಗ. ಒಂದೇ ಕೋಣೆಯ ಮನೆಯಲ್ಲಿ ಅದಿಲ್ಲ. ಮಠದಲ್ಲಿ ಇದೆ.

ಸರ್ಕಾರದ ಬಾಕಿ ದೊಡ್ಡದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬರುತ್ತವೆ. ಅವರು ಹುಡುಕುವ ಸುಮಾರು 30 ತೊಂದರೆಗಳ ಪಟ್ಟಿಯಲ್ಲಿ ಮೂತ್ರಪಿಂಡದ ಕಾಯಿಲೆಯ ಹೆಸರಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಭಾಗಗಳಲ್ಲೂ ಇಲ್ಲ. ಜಪಾನ್ 1974ರಿಂದಲೇ ಶಾಲಾಮಕ್ಕಳ ಮೂತ್ರ ಪರೀಕ್ಷೆ ಮಾಡುತ್ತಿದೆ. ಎಲ್ಲ ಮಕ್ಕಳನ್ನೂ ಪರೀಕ್ಷಿಸುವುದು ವ್ಯರ್ಥ ಎಂಬ ವಾದವೂ ಇದೆ, ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2007ರಲ್ಲಿ ಅಂಥ ಪರೀಕ್ಷೆಯ ಶಿಫಾರಸನ್ನು ಕೈಬಿಟ್ಟಿತು. ಸರಿ, ಎಲ್ಲರನ್ನೂ ಬೇಡ. ಊದಿದ, ಬೆಳೆಯದ, ಬಿಳಚಿದ, ಪದೇಪದೇ ಜ್ವರ ಬರುವ ಮಕ್ಕಳನ್ನಾದರೂ ಪರೀಕ್ಷಿಸಲಿ. ಮೂತ್ರದಲ್ಲಿ ಅದ್ದಿ ಬಣ್ಣ ನೋಡುವ ಪಟ್ಟಿಗೆ ಕೆಲವೇ ರೂಪಾಯಿ. ಅದೂ ಇಲ್ಲದಿದ್ದರೆ ಗಾಜಿನ ನಳಿಗೆಯಲ್ಲಿ ಮೂತ್ರ ಕಾಯಿಸಿ ಅದು ಮಬ್ಬಾಗುತ್ತದೆಯೇ ಎಂದು ನೋಡುವುದನ್ನು ತಾಯಂದಿರಿಗೆ ಕಲಿಸಬಹುದು, ಕಲಿತವರು ದಿನಾ ಪುಸ್ತಕದಲ್ಲಿ ಬರೆದಿಡಬಲ್ಲರು. ಇಷ್ಟು ಕೆಲವೇ ಮಕ್ಕಳಿಗಾಗಿ ಪ್ರತ್ಯೇಕ ಘಟಕವೇಕೆ ಎಂದು ಲೆಕ್ಕಪತ್ರದವರು ಕೇಳಬಹುದು. ಒಂದೊಂದು ಊರಿನಲ್ಲಿ ಇಂಥ ಮಕ್ಕಳು ಕಡಿಮೆ, ಬೀದರ್‌ನಿಂದ ಬಳ್ಳಾರಿಯವರೆಗಿನ ಏಳು ಜಿಲ್ಲೆ ಸೇರಿದರೆ ಕಡಿಮೆಯಲ್ಲ. ಸಂವಿಧಾನದ 371(ಜೆ) ವಿಧಿ ಬಂದು ದಶಕ ದಾಟಿದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್‌ಗಳಲ್ಲಿ ₹5,000 ಕೋಟಿ ಘೋಷಣೆಯಾಗಿದೆ. ಅದರಲ್ಲಿ ಒಂದು ತುಣುಕಿನಿಂದ ಕಲಬುರಗಿಯ ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳ ಮೂತ್ರಪಿಂಡ ಘಟಕ, ಒಬ್ಬ ತಜ್ಞರು, ಮಕ್ಕಳ ಅಳತೆಯ ಡಯಾಲಿಸಿಸ್ ಸಾಮಗ್ರಿ, ತಾಲ್ಲೂಕಿನ ಔಷಧ ಕಿಟಕಿಯಲ್ಲಿ ತಪ್ಪದೆ ಸಿಗುವ ಗುಳಿಗೆ ಸಾಧ್ಯ. ಗುಳಿಗೆ ನಿಲ್ಲಿಸಬೇಡಿ ಎಂದು ಸ್ವಾಮಿಗಳು ಹೇಳಿದ ದಿನ ಆ ಕಿಟಕಿಯಲ್ಲಿ ಸ್ಟಾಕ್ ಇಲ್ಲ ಎಂದರೆ ಮಾತು ಕೊಟ್ಟವರ ಮಾನವೂ ಹೋಗುತ್ತದೆ.

ಅಂದೋಲಾ, ಜೇವರ್ಗಿ, ಅಫಜಲಪುರ, ಆಳಂದದ ಮಠ, ಗುಡಿ, ದರ್ಗಾ, ಚರ್ಚುಗಳ ಹಿರಿಯರಲ್ಲಿ ನನ್ನ ವಿನಂತಿ ಒಂದೇ: ಮುಂದಿನ ಜಾತ್ರೆಗೆ, ಉರುಸಿಗೆ ಮೈಕು ಹಾಕಿದಾಗ ಮಕ್ಕಳ ಔಷಧದ ಬಗ್ಗೆ ಎರಡು ನಿಮಿಷ ಮಾತಾಡಿ. ತಂದೆ ತಾಯಂದಿರಿಗೆ ಹೇಳುವುದು ಇಷ್ಟು: ಮಗುವಿನ ಕಣ್ಣ ರೆಪ್ಪೆ ಎರಡು ಮೂರು ಬೆಳಿಗ್ಗೆ ಊದಿ ಕಂಡರೆ, ಮೂತ್ರ ನೊರೆಗಟ್ಟಿದರೆ, ಗಂಡುಮಗುವಿನ ಮೂತ್ರ ತೊಟ್ಟಿಕ್ಕಿದರೆ ಹರಕೆ ಹೊತ್ತುಕೊಳ್ಳಿ, ಅದೇ ದಿನ ತಾಲ್ಲೂಕು ದವಾಖಾನೆಯಲ್ಲಿ ಮೂತ್ರ ಪರೀಕ್ಷೆಯನ್ನೂ ಮಾಡಿಸಿ. ಶುರುವಾದ ಗುಳಿಗೆಯನ್ನು ವೈದ್ಯರು ಹೇಳುವವರೆಗೆ ಒಂದು ದಿನವೂ ತಪ್ಪಿಸಬೇಡಿ.